ಹಾಸನದ ಗ್ರಂಧಿಗೆ ಅಂಗಡಿ ಕವಡೆ: ಚೌಕಾಬಾರಕ್ಕೆ ಆದೀತೇ?

ಆದೀತು, ಅಂಗಡಿಯವರು ಆರಿಸಿಕೊಳ್ಳಲು ಬಿಟ್ಟರೆ. ಕಟ್ಟಿಟ್ಟ ಪೊಟ್ಟಣ ಮಾತ್ರ ಬೇಡ, ಅದರಲ್ಲಿ ಎರಡು ಜಾತಿ ಬೆರೆತಿರುತ್ತವೆ. ಅಂಚು ಗಂಟುಗಂಟಾದ ಹಳದಿಯದು ಮೊನೆಟಾ ಎಂಬ ಜಾತಿ. ಮಾಲ್ಡೀವ್ಸ್‌ನಿಂದ ಬಂಗಾಳಕ್ಕೆ ಹಿಂದೆ ದುಡ್ಡಾಗಿ ಹಡಗೇರುತ್ತಿದ್ದದ್ದು ಇದೇ. ಬೆನ್ನ ಮೇಲೆ ಕಿತ್ತಳೆ ಬಣ್ಣದ ಉಂಗುರವಿದ್ದರೆ ಅದು ಆನ್ಯುಲಸ್. ಆಟಕ್ಕೆ ಒಂದೇ ಜಾತಿಯ, ಒಂದೇ ಗಾತ್ರದ ನಾಲ್ಕು ಬೇಕು. ಮಾಲೆಗೆಂದು ಬೆನ್ನು ಕೊಯ್ದದ್ದನ್ನು ತರಬೇಡಿ: ಎರಡೂ ಕಡೆ ಚಪ್ಪಟೆ, ಬಿದ್ದಲ್ಲೇ ಕೂತುಬಿಡುತ್ತದೆ, ಗರ ಕೆಡುತ್ತದೆ. ಪ್ಲಾಸ್ಟಿಕ್‌ನದು ಹಗುರ, ಬಾಯಿಯ ಸೀಳಿನ ಹಲ್ಲುಗಳು ಅಚ್ಚೊತ್ತಿದಂತೆ ಒಂದೇ ಸಮ. ಕೊಳೆ ತೆಗೆಯಲು ಸೋಪು ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಹಿತ್ತಾಳೆ ಪಾತ್ರೆಗೆ ಹಚ್ಚುವಂತೆ ಹುಣಸೆಹಣ್ಣು ಹಚ್ಚಿದಿರೋ, ಹುಳಿ ಸುಣ್ಣದ ಚಿಪ್ಪನ್ನೇ ತಿನ್ನುತ್ತದೆ. ಹೋದ ಹೊಳಪು ಮತ್ತೆ ಬಾರದು.