ಬಂಡೆ ದಾರಿಗೆ ಯಾವ ಡಿಫ್ ಕವರ್? ನಾಲ್ಕನ್ನೂ ಹಾಕಿ ನೋಡಿದ ಮೇಲೆ

ಕ್ಯಾಲಿಫೋರ್ನಿಯಾದಲ್ಲಿ ಬಂಡೆಗಳ ಮೇಲೆ ಗಾಡಿ ಓಡಿಸುವ ರೂಬಿಕಾನ್ ಟ್ರೇಲ್‌ನಲ್ಲಿ, ಬಕ್ ಐಲ್ಯಾಂಡ್ ಕೆರೆ ಹತ್ತಿರ, ನನ್ನ ಜೀಪಿನ ಮುಂದಿನ ಆಕ್ಸಲ್‌ನಿಂದ ಗೇರ್ ಆಯಿಲ್ ತೊಟ್ಟಿಕ್ಕತೊಡಗಿತು. ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ನಡುವೆ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿರುತ್ತವೆ, ಅದೇ ಡಿಫರೆನ್ಷಿಯಲ್, ಚಿಕ್ಕದಾಗಿ ಡಿಫ್. ಅದರ ಮುಚ್ಚಳವೇ ಡಿಫ್ ಕವರ್. ಆ ಕವರಿನ ಕೆಳಗಿನ ಅಂಚು ಗ್ರಾನೈಟ್ ಬಂಡೆಗೆ ಸಿಕ್ಕಿ ಮಡಚಿಕೊಂಡಿತ್ತು. ಕೆಳಗೆ ಎಣ್ಣೆ ಹೀರುವ ಬಟ್ಟೆ ಹಾಸಿದೆವು. ಕವರ್ ಬಿಚ್ಚಿ, ಅಂಚನ್ನು ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡಿ, ಸಿಲಿಕೋನ್ ಹಚ್ಚಿ ಮತ್ತೆ ಕೂರಿಸಿದೆವು. ಅಲ್ಲೇ ಅರ್ಧ ದಿನ ಹೋಯಿತು. ಆದರೆ ನನಗೆ ಜಾಸ್ತಿ ಬೇಜಾರಾಗಿದ್ದು ಆ ಎಣ್ಣೆಯ ಬಗ್ಗೆ. ಈ ದಾರಿಯನ್ನು ಶುಚಿ ಮಾಡಬೇಕೆಂದು 2009ರಲ್ಲಿ ಅಲ್ಲಿನ ನೀರಿನ ಗುಣಮಟ್ಟದ ಮಂಡಳಿ ಆದೇಶ ಹೊರಡಿಸಿತ್ತು. ಗಾಡಿಗಳಿಂದ ಸೋರುವ ಎಣ್ಣೆಯೂ ಅದಕ್ಕೆ ಒಂದು ಕಾರಣ. ಅಂಥ ಜಾಗದಲ್ಲಿ ನನ್ನ ಗಾಡಿಯೇ ಸೋರಿತಲ್ಲ ಅನ್ನಿಸಿತು.

ನನ್ನದು ಜೆಕೆ ರ‍್ಯಾಂಗ್ಲರ್, ರೂಬಿಕಾನ್ ಮಾಡೆಲ್. ಹಿಂದೆ ಮುಂದೆ ಎರಡೂ ಡಾನಾ 44 ಮಾದರಿಯ ಆಕ್ಸಲ್. ಕವರಿಗೆ 10 ಬೋಲ್ಟ್. ಆ ದಿನದಿಂದ ಈವರೆಗೆ ನಾಲ್ಕು ಬಗೆಯ ಕವರ್ ಹಾಕಿ ಓಡಿಸಿದ್ದೇನೆ, ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಆಫ್‌ರೋಡ್ ಪಾರ್ಕ್ ಹಾಲಿಸ್ಟರ್ ಹಿಲ್ಸ್‌ನಲ್ಲಿ ಮತ್ತು ಇದೇ ಟ್ರೇಲ್‌ನಲ್ಲಿ.

ಗಾಡಿಯ ಜೊತೆ ಬರುವುದು ಅಚ್ಚೊತ್ತಿದ ಉಕ್ಕಿನ ತಗಡು. ರಸ್ತೆಗೆ, ಮಣ್ಣಿನ ದಾರಿಗೆ ಅದು ಧಾರಾಳವಾಗಿ ಸಾಕು. ಹಗುರ, ಅಗ್ಗ, ಬಗ್ಗಿದರೆ ಬಡಿದು ಸರಿ ಮಾಡಬಹುದು. ಭಯ ಇರುವುದು ನೇರ ಏಟು ಬಿದ್ದಾಗ. ತಗಡು ಒಳಕ್ಕೆ ತಗ್ಗಿ ಒಳಗಿನ ದೊಡ್ಡ ಗೇರಾದ ಕ್ರೌನ್ ವೀಲಿಗೆ ತಾಗಿದರೆ ಸವೆದು ತೂತಾಗುತ್ತದೆ.

ಮೊದಲು ಕೊಂಡಿದ್ದು ಅಲ್ಯೂಮಿನಿಯಂ ಕವರ್. ನೋಡಲು ತುಂಬಾ ಚೆಂದ. ಮೇಲೆ ಶಾಖ ಹೊರಹಾಕುವ ರೆಕ್ಕೆಗಳಿವೆ, ಒಳಗೆ ಎಣ್ಣೆ ಜಾಸ್ತಿ ಹಿಡಿಯುತ್ತದೆ, ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್ ಪ್ಲಗ್ ಇದೆ. ಟ್ರೇಲರ್ ಎಳೆದುಕೊಂಡು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವವರಿಗೆ ಅದು ಒಳ್ಳೆಯದು. ಬಂಡೆ ಮೇಲೆ ನಾವು ನಡಿಗೆಯ ವೇಗದಲ್ಲಿ ಹೋಗುತ್ತೇವೆ, ಅಲ್ಲಿ ಡಿಫ್ ಅಷ್ಟೇನೂ ಬಿಸಿಯಾಗುವುದಿಲ್ಲ. ಮೂರನೇ ಸಲಕ್ಕೇ ಕೆಳಗಿನ ರೆಕ್ಕೆಗಳು ಮುರಿದವು, ಒಂದು ಬೋಲ್ಟಿನ ತಲೆ ಪೂರ್ತಿ ಸವೆದುಹೋಯಿತು.

ಆಮೇಲೆ ದಪ್ಪ ಪ್ಲೇಟುಗಳನ್ನು ಕತ್ತರಿಸಿ ವೆಲ್ಡ್ ಮಾಡಿದ ಉಕ್ಕಿನ ಕವರ್. ಮುಖ ಕಾಲಿಂಚು ದಪ್ಪ. ಎಷ್ಟು ಹೊಡೆತ ತಿಂದರೂ ಬಣ್ಣ ಮಾತ್ರ ಹೋಯಿತು. ಆದರೂ ಅದರ ಅಂಚಿನಿಂದ ಎಣ್ಣೆ ಬೆವರುತ್ತಲೇ ಇತ್ತು. ಎರಡು ಸಲ ಬಿಚ್ಚಿ ಹಾಕಿದ ಮೇಲೆ ಕಾರಣ ಗೊತ್ತಾಯಿತು. ವೆಲ್ಡಿಂಗ್ ಬಿಸಿಗೆ ಆಕ್ಸಲ್‌ಗೆ ಕೂರುವ ಉಂಗುರ ಸ್ವಲ್ಪ ತಿರುಚಿಕೊಂಡಿತ್ತು. ದಪ್ಪ ಗಾಜಿನ ಮೇಲಿಟ್ಟು ನೋಡಿದರೆ ಒಂದು ಮೂಲೆಯಲ್ಲಿ ಕಾಗದ ನುಸುಳುತ್ತಿತ್ತು. ಈ ಬಗೆಯದನ್ನು ಕೊಳ್ಳುವವರು ಹಾಕುವ ಮುಂಚೆ ಇದೊಂದನ್ನು ನೋಡಿಬಿಡಿ. ವೆಲ್ಡ್ ಆದ ಮೇಲೆ ಉಂಗುರವನ್ನು ಮಿಲ್ಲಿಂಗ್ ಮಾಡಿದ್ದಾರಾ, ಅಂದರೆ ಯಂತ್ರದಲ್ಲಿ ಹೆರೆದು ಸಮ ಮಾಡಿದ್ದಾರಾ ಅಂತ ಕೇಳಿ.

ಈಗ ಎರಡೂ ಕಡೆ ಇರುವುದು ಎರಕದ ಕವರ್. ಎರಕ ಅಂದರೆ ಒಡೆಯುತ್ತದಲ್ವಾ ಅಂತ ನನಗೂ ಅನುಮಾನ ಇತ್ತು. ಇದು ನಾಡ್ಯುಲರ್ ಐರನ್. ಮಾಮೂಲಿ ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಚಕ್ಕೆ ಚಕ್ಕೆಯಾಗಿ ಇರುತ್ತದೆ, ಬಿರುಕು ಆ ಚಕ್ಕೆಗಳ ಉದ್ದಕ್ಕೂ ಓಡುತ್ತದೆ. ಇದರಲ್ಲಿ ಗ್ರಾಫೈಟ್ ಸಣ್ಣ ಗುಂಡುಗಳಾಗಿರುತ್ತದೆ, ಬಿರುಕಿಗೆ ಹಾಗೆ ದಾರಿ ಸಿಗುವುದಿಲ್ಲ. ಆದರೆ ನನಗೆ ಇಷ್ಟವಾಗಿದ್ದು ಅದರ ಆಕಾರ. ಕೆಳ ಅಂಚು ಇಳಿಜಾರಾಗಿದೆ, ಬೋಲ್ಟಿನ ತಲೆಗಳು ಗುಳಿಯೊಳಗೆ ಕೂರುತ್ತವೆ. ಬಂಡೆಗೆ ಹಿಡಿಯಲು ಏನೂ ಸಿಗುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಬರೀ ದಪ್ಪ ನೋಡಿ ಕವರ್ ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎರಕದ್ದಕ್ಕೂ ತೊಂದರೆ ಇದೆ. ತೂಕ ಜಾಸ್ತಿ, ಗಾಡಿಯ ಕೆಳಗೆ ಮಲಗಿ ಒಬ್ಬರೇ ಎತ್ತಿ ಹಿಡಿದು ಬೋಲ್ಟ್ ಹಾಕುವುದು ಕಷ್ಟ. ಮೊದಲು ಮೇಲಿನ ಎರಡು ರಂಧ್ರಕ್ಕೆ ತಲೆಯಿಲ್ಲದ ಉದ್ದನೆ ಬೋಲ್ಟ್ (ಸ್ಟಡ್) ತಿರುಗಿಸಿ, ಕವರನ್ನು ಅದಕ್ಕೆ ನೇತುಹಾಕಿ. ಗುಳಿಯ ಬೋಲ್ಟಿನ ತಲೆಯಲ್ಲಿ ಕೆಸರು ತುಂಬಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಮೊಳೆಯಿಂದ ಕೆದಕಿ ತೆಗೆಯದೆ ಅಲನ್ ಕೀ ಕೂರುವುದಿಲ್ಲ. ನಾನು ಅಲ್ಲಿ ಗ್ರೀಸ್ ತುಂಬಿಟ್ಟಿರುತ್ತೇನೆ.

ಯಾವುದನ್ನು ಹಾಕಿದರೂ ಎಣ್ಣೆಯ ಮಟ್ಟ ಗಮನಿಸಿ. ಕೆಲವು ಕವರುಗಳಲ್ಲಿ ತುಂಬುವ ರಂಧ್ರ ಹಳೆಯದಕ್ಕಿಂತ ಮೇಲಿರುತ್ತದೆ. ಸುಮ್ನೆ ಅಲ್ಲಿವರೆಗೂ ತುಂಬಿದರೆ ಎಣ್ಣೆ ಗಾಳಿ ಹೋಗುವ ದಾರಿಯಾದ ಬ್ರೀದರ್‌ನಿಂದ, ಇಲ್ಲವೇ ಆಕ್ಸಲ್ ಸೀಲ್‌ನಿಂದ ಹೊರಬರುತ್ತದೆ. ಹಳೆ ರಂಧ್ರದ ಎತ್ತರವನ್ನು ಮೊದಲೇ ಅಳೆದಿಟ್ಟುಕೊಳ್ಳಿ. ಸಿಲಿಕೋನ್ ಬದಲು ಮತ್ತೆ ಮತ್ತೆ ಬಳಸಬಹುದಾದ ಗ್ಯಾಸ್ಕೆಟ್ ಹಾಕಿದ್ದೇನೆ. ದಾರಿಯಲ್ಲಿ ಬಿಚ್ಚಿದರೆ ಸಿಲಿಕೋನ್ ಒಣಗಲಿ ಅಂತ ಕಾಯುವ ಕೆಲಸವಿಲ್ಲ.

ಎರಡಕ್ಕೂ ಒಟ್ಟಿಗೆ ದುಡ್ಡು ಹಾಕಲು ಆಗದಿದ್ದರೆ ಮುಂದಿನದನ್ನು ಮೊದಲು ತೆಗೆದುಕೊಳ್ಳಿ. ಮುಂದಿನ ಕವರ್ ಗಾಡಿ ಹೋಗುವ ದಿಕ್ಕಿಗೇ ಮುಖ ಮಾಡಿರುತ್ತದೆ, ಬಂಡೆ ನೇರ ಅದಕ್ಕೇ ಬಡಿಯುತ್ತದೆ. ಹಿಂದಿನದಕ್ಕೆ ಹೆಚ್ಚಾಗಿ ಏಟು ಬೀಳುವುದು ಗಾಡಿ ಹಿಂದಕ್ಕೆ ಜಾರಿದಾಗ. ಆದರೆ ಮುಂದೆ, ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್ ಕವರಿನ ಎದುರಿಗೇ ಹಾದುಹೋಗುತ್ತದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಒಂದು ಚಕ್ರವನ್ನು ಎತ್ತರಕ್ಕೆ ಹತ್ತಿಸಿ ಇನ್ನೊಮ್ಮೆ ತಿರುಗಿಸಿ. ಎಲ್ಲೂ ತಾಗದಿದ್ದರೆ ಆಮೇಲೆ ಎಣ್ಣೆ ತುಂಬಿ.