ಆರು ವರ್ಷ ಬಳಸಿದ ಮೇಲೆ: ಬ್ಯಾಲಿಯ 'ಬೀಚ್ ಕ್ಲಬ್' ಬಿಂಗೊ ಪಿನ್‌ಬಾಲ್

1953ರಲ್ಲಿ ಷಿಕಾಗೊದ ಬ್ಯಾಲಿ ಕಂಪನಿ ತಯಾರಿಸಿದ, ನಾಣ್ಯ ಹಾಕಿ ಗುಂಡು ಉರುಳಿಸಿ ಆಡುವ ಈ ಯಂತ್ರ ಅದೇ ಊರಿನ ಹೊರವಲಯದಲ್ಲಿರುವ ನಮ್ಮ ಮನೆಯ ನೆಲಮಾಳಿಗೆಗೆ ಬಂದು ಆರು ವರ್ಷವಾಯಿತು. ಮಾರಿದವರು ಎಲ್ಲ ಸರಿಯಾಗಿದೆ ಎಂದಿದ್ದರು. ದೀಪ ಹತ್ತುತ್ತಿತ್ತು, ಅಷ್ಟು ಮಾತ್ರ ನಿಜ.

ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಫ್ಲಿಪ್ಪರ್ ಹುಡುಕಬೇಡಿ, ಇಲ್ಲ. ಗುಂಡು ಚಿಮ್ಮಿಸಿ, ಟಿಲ್ಟ್ ಆಗದಷ್ಟು (ಜೋರಾಗಿ ಅಲುಗಿಸಿದರೆ ಆಟ ನಿಂತುಹೋಗುವುದೇ ಟಿಲ್ಟ್) ಹದವಾಗಿ ಯಂತ್ರವನ್ನು ತಳ್ಳುತ್ತಾ, 25 ಕುಳಿಗಳಲ್ಲಿ ಬೇಕಾದುದಕ್ಕೆ ಇಳಿಸಬೇಕು. ಎದುರಿನ ಗಾಜಿನಲ್ಲಿ ತಂಬೋಲ ಚೀಟಿಯಂಥ ಚೌಕ. ಗುಂಡು ಬಿದ್ದ ಕುಳಿಯ ಅಂಕಿ ಅಲ್ಲಿ ಬೆಳಗುತ್ತದೆ. ಸಾಲಾಗಿ ಮೂರು ಬೆಳಗಿದರೆ ಗೆಲುವು.

ಒಳಗೆ ಒಂದು ಎಲೆಕ್ಟ್ರಾನಿಕ್ ಚಿಪ್ಪೂ ಇಲ್ಲ. ಹಾಗಾದರೆ ನೆನಪಿಡುವವರು ಯಾರು? ಗುಂಡೇ. ಕುಳಿಯಿಂದ ಇಳಿದ ಗುಂಡು ಕೆಳಗಿನ ಜಾರುಹಲಗೆಯ ಮೇಲೆ ಕುಳಿತು ತನ್ನ ಭಾರದಿಂದ ಪುಟ್ಟ ಸ್ವಿಚ್ಚನ್ನು ಒತ್ತಿ ಹಿಡಿಯುತ್ತದೆ. ಮುಂದಿನ ಆಟಕ್ಕೆ ನಾಣ್ಯ ಹಾಕಿದಾಗ ಹಲಗೆ ಸರಿದು ಎಲ್ಲ ಗುಂಡುಗಳೂ ದಡದಡ ಉರುಳುತ್ತವೆ. ಗೆಲುವನ್ನು ಪತ್ತೆ ಮಾಡುವುದು ಸರ್ಚ್ ಡಿಸ್ಕ್: ಮೋಟರು ತಿರುಗಿಸುವ ಲೋಹದ ಬೆರಳುಗಳಾದ ವೈಪರ್‌ಗಳು ರಿವೆಟ್‌ಗಳ ಮೇಲೆ ಸವರಿ ಒಂದೊಂದೇ ಸಾಲನ್ನು ಕೇಳುತ್ತಾ ಹೋಗುತ್ತವೆ. ವಿದ್ಯುತ್ತು ಹರಿದರೆ ರಿಲೇ (ವಿದ್ಯುತ್ತೇ ನಡೆಸುವ ಸ್ವಿಚ್ಚು) ಎಳೆದು, ಹುಡುಕಾಟ ನಿಂತು, ಗೆದ್ದ ಉಚಿತ ಆಟಗಳ ಲೆಕ್ಕ ಟಕ್ ಟಕ್ ಎಂದು ಏರುತ್ತದೆ. ಊರಿನಿಂದ ಬಂದಿದ್ದ ಅತ್ತೆಯವರು, "ಇದೇನಪ್ಪಾ, ಮನೆಯೊಳಗೇ ಅಕ್ಕಿ ಗಿರಣಿ ಇಟ್ಟಿದ್ದೀಯ?" ಎಂದರು.

ಎರಡನೆಯ ವರ್ಷ ಮೂರು ದೀಪ ಬೆಳಗಿದರೂ ಲೆಕ್ಕ ಏರಲಿಲ್ಲ. ವೈರಿಂಗ್ ನಕ್ಷೆ ಹರಡಿಕೊಂಡು ಮೂರು ಸಂಜೆ ಕೂತೆ. ಕೊನೆಗೆ ಸಿಕ್ಕಿದ್ದು ಎರಡು ರಿವೆಟ್‌ಗಳ ಮೇಲಿನ ಕಪ್ಪು ಪೊರೆ. ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಹಲ್ಲುಚಕ್ರಗಳ ಹಳೆಯ ಗ್ರೀಸ್ ಮಾತ್ರ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಎಲ್ಲವನ್ನೂ ಬಿಚ್ಚಿ ತೊಳೆಯಲು ಒಂದು ಇಡೀ ಚಳಿಗಾಲ ಹೋಯಿತು.

ನನಗೆ ಹಿಡಿಸದ ಭಾಗ ರಿಫ್ಲೆಕ್ಸ್ ಯೂನಿಟ್, ಅಂದರೆ ಗೆಲ್ಲುವ ಅವಕಾಶವನ್ನು ಹೆಚ್ಚುಕಡಿಮೆ ಮಾಡುವ ಸಾಧನ. ನಾಣ್ಯ ಹಾಕಿದಷ್ಟೂ ಯಂತ್ರದ ಕೈ ಸಡಿಲ, ಗೆದ್ದಷ್ಟೂ ಬಿಗಿ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸದೆ, ಉದ್ಧಾರವಾಗಲೂ ಬಿಡದ ಸಾಹುಕಾರನ ಬುದ್ಧಿ. ಅಮೆರಿಕದ ಸುಪ್ರೀಂ ಕೋರ್ಟು 1957ರ ಕೊರ್ಪಾನ್ ಪ್ರಕರಣದಲ್ಲಿ ಇಂಥ ಯಂತ್ರಗಳಿಗೂ 250 ಡಾಲರ್ ಜೂಜು ತೆರಿಗೆ ಅನ್ವಯಿಸುತ್ತದೆ ಎಂದಿತು. ಒಳಗೆ ಕೈಯಾಡಿಸಿದವನಿಗೆ ಅದರಲ್ಲಿ ಆಶ್ಚರ್ಯವಿಲ್ಲ.

ಆಡುವುದಕ್ಕಷ್ಟೇ ಬೇಕಾದವರು ಕೊಳ್ಳಬೇಡಿ. ಬಿಚ್ಚುವ ಚಪಲವಿರುವವರು ಕೊಳ್ಳಿ. ಸಂಪರ್ಕ ಬಿಂದುಗಳಿಗೆ ಎಮರಿ ಪೇಪರ್ ಮಾತ್ರ ತಾಗಿಸಬೇಡಿ. ಸದ್ಯಕ್ಕೆ 16ರ ಕುಳಿ ಸತಾಯಿಸುತ್ತಿದೆ: ಗುಂಡು ಕುಳಿತರೂ ದೀಪ ಹತ್ತುವುದಿಲ್ಲ, ಬದಿಗೊಮ್ಮೆ ತಟ್ಟಿದರೆ ಹತ್ತುತ್ತದೆ, ಜೋರಾಗಿ ತಟ್ಟಿದರೆ ಟಿಲ್ಟ್.