ಮಲ ಕಪ್ಪಗೆ ಹೋದರೆ "ಹಳೇ ವಿಷ ಇಳೀತಿದೆ" ಅಂದರು, ನಾನು ನಂಬಿದೆ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ದಯವಿಟ್ಟು ಪೂರ್ತಿ ಓದಿ. ತಿಂಗಳ ಎರಡನೇ ಭಾನುವಾರ ಕಾರವಾರದ ಒಂದು ಲಾಡ್ಜಿಗೆ ಬಂದು "ಗ್ಯಾಸ್ಟ್ರಿಕ್ ಬುಡಸಮೇತ ಕೀಳ್ತೇವೆ" ಅಂತ ಪುಡಿ ಕೊಡುವವರಿದ್ದಾರಲ್ಲ, ಆ ಪುಡಿ ತಿಂದು ನಾನು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದೇನೆ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ.

ಒಂದೂವರೆ ವರ್ಷದಿಂದ ನನಗೆ ಹೊಟ್ಟೆ ಉರಿ, ಹುಳಿತೇಗು. ರಾತ್ರಿ ಎರಡು ಗಂಟೆಗೆ ಹೊಟ್ಟೆ ಕೊರೆದು ಎಚ್ಚರವಾಗುತ್ತಿತ್ತು. ಎರಡು ಬಿಸ್ಕೆಟ್ ತಿಂದರೆ ತಣಿಯುತ್ತಿತ್ತು. ಎಲ್ಲರ ಹಾಗೆ ನಾನೂ ಮೆಡಿಕಲ್ ಶಾಪಿನಿಂದ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ತಂದು ನುಂಗಿದೆ. ಡಾಕ್ಟರಿಗೆ ತೋರಿಸಲಿಲ್ಲ. ಅದೂ ಊಟ ಆದಮೇಲೆ ನುಂಗುತ್ತಿದ್ದೆ. ಆ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮೊದಲು ತಗೊಂಡರೇ ಸರಿಯಾಗಿ ಕೆಲಸ ಮಾಡುವುದು ಅಂತ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ ಮಲಗಿದ ಮೇಲೆ.

ಪರಿಚಯದವರೊಬ್ಬರು ಹೇಳಿದರು ಅಂತ ಲಾಡ್ಜಿಗೆ ಹೋದೆ. ಅಲ್ಲಿ ನಲವತ್ತು ಜನ ಕಾಯುತ್ತಿದ್ದರು. ಅಷ್ಟು ಜನರನ್ನು ನೋಡಿಯೇ ಅರ್ಧ ನಂಬಿದೆ. ನಾಡಿ ಹಿಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, "ಕರುಳಿನಲ್ಲಿ ವಿಷ ಕೂತಿದೆ" ಅಂದರು. ರಕ್ತ ಪರೀಕ್ಷೆ ಇಲ್ಲ, ಏನೂ ಇಲ್ಲ. ಮೂರು ತಿಂಗಳ ಕೋರ್ಸಿಗೆ 9,600 ರೂಪಾಯಿ, ಪೂರ್ತಿ ಮೊದಲೇ ಕೊಡಬೇಕು. ಬಿಲ್ ಕೇಳಿದೆ. "ಇದು ಸೇವೆ ಸರ್, ಸೇವೆಗೆ ಬಿಲ್ ಇರೋದಿಲ್ಲ" ಅಂದರು. ಕೊಟ್ಟದ್ದು ಬಿಳಿ ಕಾಗದದ ಪೊಟ್ಟಣಗಳು. ಮೇಲೆ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ಯಾರು ತಯಾರಿಸಿದ್ದು ಅಂತ ಇಲ್ಲ. ನಿಜವಾದ ಆಯುರ್ವೇದ ಔಷಧಿಯ ಮೇಲೂ ಲೈಸೆನ್ಸ್ ನಂಬರ್ ಇರುತ್ತದೆ, ಅಲ್ವಾ? ನಾನು ನೋಡಲಿಲ್ಲ.

ಮೂರೇ ದಿನಕ್ಕೆ ಆರಾಮ. ಹಸಿವು ಜಾಸ್ತಿಯಾಯಿತು. ಐದಾರು ವರ್ಷದ ಮಂಡಿನೋವೂ ಮಾಯ! ಎಂಥಾ ಔಷಧಿ ಅಂತ ಊರಿಗೆಲ್ಲ ಹೇಳಿದೆ. ಪಕ್ಕದ ಮನೆಯ ಅಕ್ಕೋರು, ರಿಟೈರ್ ಆದ ಟೀಚರ್, ಸಕ್ಕರೆ ಕಾಯಿಲೆಯವರು. ನಾನೇ ಅವರನ್ನು ನನ್ನ ಬೈಕಿನ ಮೇಲೆ ಕೂರಿಸಿಕೊಂಡು ಕರೆದುಕೊಂಡು ಹೋದೆ. ಇದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಬರುವುದಿಲ್ಲ.

ಇಪ್ಪತ್ತು ದಿನ ಆಗಿರಬೇಕು, ಮಲ ಕಪ್ಪಗೆ ಹೋಗಲು ಶುರುವಾಯಿತು. ಡಾಂಬರಿನ ಹಾಗೆ, ಅಂಟು ಅಂಟಾಗಿ, ತಡೆಯಲಾಗದ ವಾಸನೆ. ಹೆದರಿ ಫೋನ್ ಮಾಡಿದೆ. ಅವರ ಹುಡುಗ ಎತ್ತಿದ. ಅವನು ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ.

"ಕಪ್ಪಗೆ ಹೋಗ್ತಿದೆಯಾ ಸರ್? ಬಹಳ ಒಳ್ಳೇದಾಯ್ತು. ಹಳೇ ವಿಷ ಇಳೀತಿದೆ. ದಿನಕ್ಕೆ ಎರಡು ಇದ್ದದ್ದು ನಾಲ್ಕು ಪೊಟ್ಟಣ ಮಾಡಿ."

ನಾಲ್ಕು ಮಾಡಿದೆ. ಮಾಡಿದೆ! ಹೆಂಡತಿ "ನೀವು ಬಿಳಿಚಿಕೊಂಡಿದ್ದೀರಿ, ಡಾಕ್ಟರಿಗೆ ತೋರಿಸುವಾ" ಅಂತ ದಿನಾ ಹೇಳಿದಳು. ಅವಳ ಮೇಲೇ ರೇಗಿದೆ. ಐದನೇ ದಿನ ಬಚ್ಚಲಿನಲ್ಲಿ ತಲೆ ತಿರುಗಿ ಬಿದ್ದೆ. ಅಂಕೋಲೆಯಲ್ಲಿ ಡ್ರಿಪ್ ಹಾಕಿ ಮಣಿಪಾಲಕ್ಕೆ ಕಳಿಸಿದರು. ಹೆದ್ದಾರಿಯಲ್ಲಿ ಮೂರು ಗಂಟೆ ಆಂಬುಲೆನ್ಸ್. ನಮ್ಮ ಜಿಲ್ಲೆಯವರಿಗೆ ಆ ದಾರಿಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ಹಿಮೋಗ್ಲೋಬಿನ್ 6.8. ಎರಡು ಬಾಟಲಿ ರಕ್ತ ಕೊಟ್ಟರು. ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಶುರುವಿನಲ್ಲೇ ಹುಣ್ಣು ಕಂಡಿತು, ಅದರಿಂದ ರಕ್ತ ಜಿನುಗುತ್ತಿತ್ತು. ಕ್ಲಿಪ್ ಹಾಕಿ ನಿಲ್ಲಿಸಿದರು. ಕಪ್ಪು ಮಲ ಅಂದರೆ ಒಳಗೆ ಸೋರಿದ ರಕ್ತ. ವಿಷ ಅಲ್ಲ, ನನ್ನ ರಕ್ತ. ಕಬ್ಬಿಣದ ಮಾತ್ರೆ ತಗೊಂಡರೂ ಕಪ್ಪಾಗುತ್ತದಂತೆ, ಆದರೆ ಡಾಂಬರಿನ ಹಾಗೆ ಅಂಟಿಕೊಂಡು ವಾಸನೆ ಬಂದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಹುಣ್ಣಿಗೆ ಖಾರವೇ ಕಾರಣ, ಬಂಗಡೆ ಸಾರೇ ಕಾರಣ ಅಂದುಕೊಂಡಿದ್ದೆ. ಹೆಚ್ಚಿನವರಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ ಅಂತ ಡಾಕ್ಟರು ವಿವರಿಸಿದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇದನ್ನು ಕಂಡುಹಿಡಿದದ್ದಕ್ಕೆ 2005ರಲ್ಲಿ ನೊಬೆಲ್ ಸಿಕ್ಕಿದೆ. ನನ್ನ ಹೊಟ್ಟೆಯಲ್ಲಿ ಆ ಬ್ಯಾಕ್ಟೀರಿಯಾ ಇತ್ತು. ಔಷಧಿ ಎಷ್ಟು ದಿನ ಗೊತ್ತಾ? 14 ದಿನ. ಎರಡು ಆ್ಯಂಟಿಬಯೋಟಿಕ್, ಜೊತೆಗೆ ಆಸಿಡ್ ಕಡಿಮೆ ಮಾಡುವ ಅದೇ ಮಾತ್ರೆ. ಹುಣ್ಣು ಮಾಯಲು ಆ ಮಾತ್ರೆ ಇನ್ನೂ ಕೆಲವು ವಾರ. ಒಂದೂವರೆ ವರ್ಷ ಒದ್ದಾಡಿದ್ದಕ್ಕೆ 14 ದಿನದ ಔಷಧಿ ಇತ್ತು!

ಪುಡಿ ತೋರಿಸಿದೆ. "ಲ್ಯಾಬಿನಲ್ಲಿ ನೋಡದೆ ಇದರಲ್ಲಿ ಏನಿದೆ ಅಂತ ನಾನು ಹೇಳೋಕಾಗಲ್ಲ. ಆದರೆ ಹೊಟ್ಟೆಯ ಔಷಧಿಗೆ ಮಂಡಿನೋವು ಯಾಕೆ ಹೋಗಬೇಕು, ನೀವೇ ಹೇಳಿ" ಅಂದರು. ನೋವಿನ ಮಾತ್ರೆ, ಸ್ಟೀರಾಯ್ಡ್ ಅರೆದು ಬೆರೆಸುವವರು ಇದ್ದಾರಂತೆ. ಮಂಡಿನೋವು ಹೋದಾಗ ಕುಣಿದಾಡಿದ್ದೆನಲ್ಲ, ಆ ಕ್ಷಣವೇ ನಾನು ಮೋಸ ಹೋದ ಕ್ಷಣ.

ತಕ್ಷಣ ಅಕ್ಕೋರಿಗೆ ಫೋನ್ ಮಾಡಿಸಿದೆ. ಅವರ ಮುಖ ಊದಿತ್ತು, ಸಕ್ಕರೆ 380ಕ್ಕೆ ಏರಿತ್ತು. ಸ್ಟೀರಾಯ್ಡ್ ತಿಂದರೆ ಹೀಗೂ ಆಗುತ್ತದಂತೆ. ಪುಡಿಯಲ್ಲಿ ಸ್ಟೀರಾಯ್ಡ್ ಇದ್ದರೆ ಒಮ್ಮೆಲೇ ಬಿಡುವುದೂ ಅಪಾಯವಂತೆ. ಹಾಗಾಗಿ ತಿನ್ನುತ್ತಿರುವವರು ಸುಮ್ನೆ ಮನೆಯಲ್ಲೇ ನಿಲ್ಲಿಸಬೇಡಿ, ಇವತ್ತೇ ಪೊಟ್ಟಣ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಅಕ್ಕೋರು ಈಗ ಚಿಕಿತ್ಸೆಯಲ್ಲಿದ್ದಾರೆ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದ ಮೇಲೆ ದುಡ್ಡು ವಾಪಸ್ ಕೇಳಿದೆ. "ನೀವು ಪಥ್ಯ ಮಾಡಿಲ್ಲ, ಮೀನು ತಿಂದಿದ್ದೀರಿ" ಅಂದರು. ತಿಂದಿಲ್ಲ. ಎರಡು ತಿಂಗಳು ಮೀನು ಮುಟ್ಟಿಲ್ಲ, ಸಮುದ್ರದ ಪಕ್ಕ ಇದ್ದುಕೊಂಡು! ಆಮೇಲೆ "ಇಂಗ್ಲಿಷ್ ಔಷಧಿಯವರು ನಿಮ್ಮ ತಲೆ ಕೆಡಿಸಿದ್ದಾರೆ" ಅಂದರು. ನೋಂದಣಿ ನಂಬರ್ ಕೊಡಿ ಅಂದೆ. ಫೋನ್ ಕಟ್. ಈಗ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದಾರೆ.

ಕರ್ನಾಟಕದಲ್ಲಿ ಖಾಸಗಿಯಾಗಿ ಚಿಕಿತ್ಸೆ ಕೊಡುವ ಜಾಗಕ್ಕೆ 2007ರ ಕಾಯ್ದೆ ಪ್ರಕಾರ ನೋಂದಣಿ ಬೇಕು. ಲಾಡ್ಜಿನ ರೂಮಿನಲ್ಲಿ ಅದನ್ನು ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. ಹೊಟ್ಟೆ ಉರಿ ವಾರಗಟ್ಟಲೆ ಹೋಗದಿದ್ದರೆ, ತೂಕ ಇಳಿದರೆ, ರಕ್ತ ವಾಂತಿಯಾದರೆ, ನುಂಗಲು ಕಷ್ಟವಾದರೆ ಪುಡಿಯೂ ಬೇಡ, ಮೆಡಿಕಲ್ ಶಾಪಿನ ಮಾತ್ರೆಯೂ ಬೇಡ, ಡಾಕ್ಟರಿಗೆ ತೋರಿಸಿ.

ನನ್ನ ಹತ್ತಿರ ಇನ್ನೂ ಹನ್ನೊಂದು ಪೊಟ್ಟಣ ಇವೆ. ಸೋಮವಾರ ದೂರಿನ ಜೊತೆ ಔಷಧ ನಿಯಂತ್ರಣ ಇಲಾಖೆಯವರಿಗೆ ಕೊಡುತ್ತೇನೆ. ನಿಮ್ಮ ಮನೆಯಲ್ಲೂ ಇದ್ದರೆ ಎಸೆಯಬೇಡಿ, ತೆಗೆದಿಡಿ, ನನ್ನ ಜೊತೆ ದೂರು ಕೊಡಲು ಬನ್ನಿ. ಎರಡನೇ ಭಾನುವಾರ ಅವರು ಮತ್ತೆ ಬರುತ್ತಾರೆ.